ಐದನೇ ಊರಿನ ನಾಯಿ

ಜೈತುನಬಿ ಗೋದಾಮಿನ ಶಟರು ಎತ್ತಿದಾಗ ಜಾಳಿಗೆಯ ಕೋಣೆಯಲ್ಲಿದ್ದ ಹನ್ನೆರಡು ನಾಯಿಗಳೂ ಎದ್ದು ಬಾಲ ಆಡಿಸಿದವು. ಒಂದರ ಕೊರಳಲ್ಲೂ ದಾರವಿರಲಿಲ್ಲ.

"ಯಾ ಅಲ್ಲಾ!" ಎಂದು ಅವಳು ಹಣೆಗೆ ಕೈ ಹಚ್ಚಿಕೊಂಡಳು. ನೆಲದ ತುಂಬ ದಾರದ ತುಂಡುಗಳು ಬಿದ್ದಿದ್ದವು. ಹಳದಿ, ಕೆಂಪು, ಹಸಿರು, ನೀಲಿ. ದಾರಕ್ಕೆ ಪೋಣಿಸಿದ್ದ ನಂಬರಿನ ಬಿಲ್ಲೆಗಳಲ್ಲಿ ಓದಲು ಬರುವಂಥದ್ದು ಒಂದೂ ಉಳಿದಿರಲಿಲ್ಲ. ಬಗ್ಗಿ ಒಂದು ತುಂಡು ಎತ್ತಿ ಮೂಸಿ ನೋಡಿದಳು. ಕೋಳಿ ಎಲುಬಿನ ಸಾರಿನ ವಾಸನೆ ಗಮ್ಮೆಂದಿತು. ನಿನ್ನೆ ಸಂಜೆ ಸಾರಿನಲ್ಲಿ ರೊಟ್ಟಿ ಮುರಿದು ಕಲಸಿ, ಅದೇ ಕೈಯಲ್ಲಿ ಹನ್ನೆರಡೂ ದಾರ ಕಟ್ಟಿದ್ದಳು. ನಲ್ಲಿಯಲ್ಲಿ ನೀರಿರಲಿಲ್ಲ, ಸೆರಗಿಗೆ ಒರೆಸೋಣವೆಂದರೆ ಸೀರೆ ಹೊಸದು. ನಾಯಿಗಳು ರಾತ್ರಿಯಿಡೀ ಒಂದರ ಕೊರಳನ್ನೊಂದು ನೆಕ್ಕಿ, ರುಚಿ ಹತ್ತಿ, ಕಡಿದು, ಅರ್ಧ ನುಂಗಿಯೂ ಬಿಟ್ಟಿದ್ದವು. ತಪ್ಪು ಪೂರಾ ತನ್ನದೇ. ಇನ್ನೊಬ್ಬರ ಮೇಲೆ ಹಾಕಲು ಸಂದೇ ಇರಲಿಲ್ಲ, ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಪುರಸಭೆಗಳು ಖರ್ಚು ಸಮನಾಗಿ ಹಂಚಿಕೊಂಡು ಬೀದಿನಾಯಿಗಳ ಕೆಲಸವನ್ನು ಒಂದು ಸಂಸ್ಥೆಗೆ ಗುತ್ತಿಗೆ ಕೊಟ್ಟಿದ್ದವು. ಊರಿಗೊಂದು ವ್ಯಾನು, ಊರಿಗೊಬ್ಬ ಡಾಕ್ಟರು ಅಂದರೆ ಯಾರ ಕೈಯಿಂದಲೂ ನೀಗುವ ಮಾತಲ್ಲ. ಕೂಡಿದರೆ ನೀಗುತ್ತದೆ, ನೀಗಿಯೂ ಇತ್ತು. ಗೊಳಸಂಗಿಯ ಹೊರಗೆ ಒಂದು ಖಾಲಿ ಗೋದಾಮು ಹಿಡಿದು ವಾರಕ್ಕೆ ಊರಿಗೆ ಮೂರರಂತೆ ಹನ್ನೆರಡು ನಾಯಿ ತರುತ್ತಿದ್ದರು. ಹುಮಾ ಡಾಕ್ಟರು ಮರಿಯಾಗದ ಹಾಗೆ ಆಪರೇಶನ್ ಮಾಡಿ, ಹುಚ್ಚು ತಡೆಯುವ ಸೂಜಿ ಚುಚ್ಚಿ, ಗುರುತಿಗೆ ಎಡಗಿವಿಯ ತುದಿ ಕತ್ತರಿಸುತ್ತಿದ್ದರು. ಆಮೇಲೆ ಐದು ದಿನ ಪಂಜರದಲ್ಲಿಟ್ಟು ಸಾಕುವುದು ಜೈತುನಬಿಯ ಪಾಲು. ಅಲ್ಲಿಯ ತನಕ ನಂಬರು ಪಂಜರಕ್ಕೆ ತೂಗುತ್ತಿತ್ತು. ಬಿಡುವ ಹಿಂದಿನ ಸಂಜೆ ಪಂಜರ ತೊಳೆಯಲೆಂದು ಎಲ್ಲವನ್ನೂ ಒಂದೇ ಕೋಣೆಗೆ ಬಿಡುವಾಗ ನಂಬರು ಕೊರಳಿಗೆ ಬರುತ್ತಿತ್ತು. ಇಂಡಿಗೆ ಹಳದಿ ದಾರ, ಸಿಂದಗಿಗೆ ಕೆಂಪು, ಮುದ್ದೇಬಿಹಾಳಕ್ಕೆ ಹಸಿರು, ಬಾಗೇವಾಡಿಗೆ ನೀಲಿ.

ಹಿಡಿದ ಓಣಿಯಲ್ಲೇ ನಾಯಿಯನ್ನು ಬಿಡಬೇಕು ಎಂಬುದು ಕಾನೂನು. ಕಾನೂನು ಇರದಿದ್ದರೂ ಹಾಗೇ ಬಿಡಬೇಕು. ಹೋದ ತಿಂಗಳು ಬದಲಿಗೆ ಬಂದ ಡ್ರೈವರೊಬ್ಬ ಅವಸರದಲ್ಲಿ ಒಂದು ನಾಯಿಯನ್ನು ಎರಡು ಓಣಿ ಆಚೆ ಇಳಿಸಿದ್ದ. ಊರಿನ ಹೆಸರು ಬೇಡ. ಹೊಟ್ಟೆಯ ಹೊಲಿಗೆ ಇನ್ನೂ ಹಸಿ ಇದ್ದ ಆ ಜೀವವನ್ನು ಅಲ್ಲಿನ ನಾಯಿಗಳು ಕಾಲು ಗಂಟೆಯೂ ಬದುಕಗೊಡಲಿಲ್ಲ. ಜನ ಮೊಬೈಲಿನಲ್ಲಿ ಅದನ್ನು ಹಿಡಿದು ಊರೆಲ್ಲ ಹಂಚಿದರು. ಅದಕ್ಕೇ ಇವತ್ತು ನಾಲ್ಕೂ ಊರಿನವರು ಕೂಡಿ ಶ್ರೀವಲ್ಲಭ ಎಂಬ ತಪಾಸಣೆಯ ಅಧಿಕಾರಿಯನ್ನು ಕಳಿಸುವವರಿದ್ದರು. ಅವರು ವ್ಯಾನಿನಲ್ಲೇ ಕೂತು ಬಂದು, ಒಂದೊಂದು ನಾಯಿ ಇಳಿಯುವಾಗಲೂ ಫೋಟೋ ತೆಗೆಯುವವರಿದ್ದರು.

ಜೈತುನಬಿ ಹೆದರಿದ್ದು ದಾರಕ್ಕಾಗಿ ಅಲ್ಲ. ಐದು ದಿನ ಅನ್ನ ಹಾಕಿದ ಮೇಲೆ ಯಾವ ಮೋರೆ ಯಾವ ಪಂಜರದ್ದು ಎಂದು ಅವಳು ಕಣ್ಣುಮುಚ್ಚಿ ಹೇಳಬಲ್ಲಳು. ಚಿಂತೆ ಹನ್ನೆರಡನೆಯದರದ್ದು. ಮೂಲೆಯಲ್ಲಿ ಮುಂಗಾಲಿನ ಮೇಲೆ ಗದ್ದ ಇಟ್ಟು ಅವಳನ್ನೇ ನೋಡುತ್ತಿದ್ದ ಆ ಕೆಂಚು ನಾಯಿ ಬಾಗೇವಾಡಿಯದೂ ಅಲ್ಲ, ಬೇರೆ ಯಾವ ಊರಿನದೂ ಅಲ್ಲ. ಗೊಳಸಂಗಿಯದು. ಅವಳ ಓಣಿಯ ಕೆಂಚಿ.

ನಡೆದದ್ದಿಷ್ಟು. ಹೋದ ವಾರ ಬಾಗೇವಾಡಿಯಲ್ಲಿ ಹಿಡಿದ ಮೂರನೇ ನಾಯಿಯ ಕಿವಿ ಮೊದಲೇ ಕತ್ತರಿಸಿತ್ತು. ವ್ಯಾನು ಓಡಿಸುವ, ಬಲೆ ಹಾಕುವ ಮುಕ್ತಾರ ಅದನ್ನು ಅಲ್ಲೇ ಬಿಟ್ಟ. ಆದರೆ ಮ್ಯಾನೇಜರ್ ಗೋವಿಂದ ಅಷ್ಟರೊಳಗೆ ರಿಜಿಸ್ಟರಿನಲ್ಲಿ ಮೂರು ಎಂದು ಬರೆದಾಗಿತ್ತು. ಒಂದು ಪಂಜರ ಖಾಲಿ ಉಳಿಯಿತು. ಜೈತುನಬಿ ಆ ಖಾಲಿ ಪಂಜರವನ್ನು ಎರಡು ಸಲ ನೋಡಿದಳು, ಮೂರನೇ ಸಲಕ್ಕೆ ಮುಕ್ತಾರನ ವ್ಯಾನಿನಲ್ಲಿ ಕೆಂಚಿಯನ್ನು ತಂದು ಕೂಡಿಸಿದಳು. ವರ್ಷಕ್ಕೆ ಎರಡು ಸೂಲು, ಸೂಲಿಗೆ ಆರು ಮರಿ. ಅವು ಕಣ್ಣು ತೆರೆದು ಆಡುವ ಹೊತ್ತಿಗೆ ದೊಡ್ಡ ರಸ್ತೆಯ ಲಾರಿಗಳು ಒಂದೊಂದಾಗಿ ಮುಗಿಸುತ್ತಿದ್ದವು. ಸತ್ತ ಮರಿಗಳನ್ನು ಸಲಿಕೆಯಲ್ಲಿ ಎತ್ತಿ ಹುಗಿಯುವವಳೂ ಇವಳೇ. ಇನ್ನೊಂದು ಸಲ ಎತ್ತುವುದು ಅವಳಿಂದ ಆಗುತ್ತಿರಲಿಲ್ಲ, ಅಷ್ಟೇ. ಬಿಡುವ ದಿನ ಗೇಟು ದಾಟಿದ ಕೂಡಲೇ ಓಣಿಯಲ್ಲಿ ಇಳಿಸಿಬಿಟ್ಟರಾಯಿತು ಎಂದು ಮುಕ್ತಾರನೂ ಅವಳೂ ಮಾತಾಡಿಕೊಂಡಿದ್ದರು. ಅಧಿಕಾರಿ ಬರುತ್ತಾರೆಂದು ತಿಳಿದದ್ದು ನಿನ್ನೆ.

ಗೋವಿಂದ ಬೈಕಿನಿಂದ ಇಳಿದವನೇ ನೆಲ ನೋಡಿ ಹೌಹಾರಿದ.

"ಏನ್ರಿ ಇದು ಜೈತುನಬಿ? ಸಾಹೇಬ್ರು ಬರೋ ಹೊತ್ತಾತು!"

"ನನ್ನ ಕೈ ಸಾರಿನ ಕೈ ಇತ್ತಪಾ. ಒರಸಲಾರದ ದಾರ ಕಟ್ಟೇನಿ. ತಿಂದಾವ."

"ತಿಂದಾವ ಅಂತ ಬರೀಲೇನು ರಿಜಿಸ್ಟರ್‌ದಾಗ?"

ಅವನು ರಿಜಿಸ್ಟರು ತೆಗೆದ. ಹನ್ನೆರಡರಲ್ಲಿ ಏಳಕ್ಕೆ 'ಕಂದು' ಎಂದು ಬರೆದಿತ್ತು. ಹಿಡಿದಾಗ ತೆಗೆದ ಫೋಟೋಗಳಿದ್ದವಲ್ಲ ಎಂದು ಮೊಬೈಲು ತೆರೆದ. ಎಲ್ಲದರಲ್ಲೂ ಬಲೆ ಚೆನ್ನಾಗಿ ಕಾಣುತ್ತಿತ್ತು, ಒಳಗಿನ ನಾಯಿ ಕಾಣುತ್ತಿರಲಿಲ್ಲ. ಗೋವಿಂದ ಕೆಟ್ಟವನಲ್ಲ, ಲೆಕ್ಕ ತಾಳೆಯಾದರೆ ಜಗತ್ತೇ ತಾಳೆಯಾಯಿತು ಎಂದು ನಂಬಿದವನು. ಒಂದು ಗಳಿಗೆ ಗದ್ದ ಕೆರೆದುಕೊಂಡ ಮೇಲೆ ಅವನ ಮುಖ ಅರಳಿತು.

"ಇದರಾಗೇನೈತಿ! ನಾಲ್ಕೂ ಊರು ಸಮ ಪಾಲು ಹಾಕ್ಯಾವ. ನಾಯೀನೂ ಸಮ ಹಂಚೋದು. ಊರಿಗೆ ಮೂರು. ಬೀದಿನಾಯಿಗೆ ಇದ ಊರು ಅಂತ ಏನ್ ಬರದಿರ್ತೈತಿ?"

"ಅವೇನು ಪೇಢೆ ಏನೋ ಗೋವಿಂದಪ್ಪ, ಸಮ ಹಂಚಾಕ?" ಜೈತುನಬಿಯ ದನಿ ಏರಿತು. "ಹೋದ ತಿಂಗಳ ಒಂದು ಹರದು ತಿಂದವು. ಇವತ್ತ ಹನ್ನೆರಡು ಹರೀಲಿ ಅಂತೀಯೇನು?"

"ಮತ್ತ ನಿಮಗ ಗೊತ್ತೈತೇನು ಯಾವ್ದು ಎಲ್ಲೀದು ಅಂತ?"

"ಗೊತ್ತೈತಿ."

"ಖರೇನ ಗೊತ್ತಿದ್ರ ಚಲೋನ ಆತು. ಒಂದು ತಪ್ಪಿದ್ರೂ ನಾಳಿಂದ ನೀವು ಕೆಲಸಕ್ಕ ಬರೂದು ಬ್ಯಾಡ. ಆಮ್ಯಾಲ ನನಗ ಅನಬ್ಯಾಡ್ರಿ."

"ತಪ್ಪಂಗಿಲ್ಲ," ಎಂದಳು ಜೈತುನಬಿ. ಆ ಕೆಲಸ ಅವಳಿಗೆ ಬೇಕಾಗಿತ್ತು. ಕೂಲಿಗಷ್ಟೇ ಅಲ್ಲ. ಐವತ್ತು ವರ್ಷ ಅವರಿವರ ಹೊಲದ ಕಳೆ ಕಿತ್ತ ಮೇಲೆ, 'ಇದು ಜೈತುನಬಿ ಮಾಡಿದರೇ ಸರಿ' ಎಂದು ಜನ ಅಂದ ಮೊದಲ ಕೆಲಸ ಇದು.

ಶ್ರೀವಲ್ಲಭ ಹತ್ತು ಗಂಟೆಗೆ ಸರಿಯಾಗಿ ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ನೀರಿನ ಬಾಟಲಿ, ಜೇಬಿನಲ್ಲಿ ಎರಡು ಪೆನ್ನು. ಗೋವಿಂದ ಹೇಳಿದ್ದನ್ನೂ, ಜೈತುನಬಿ ಹೇಳಿದ್ದನ್ನೂ ಮಧ್ಯೆ ಬಾಯಿ ಹಾಕದೆ ಕೇಳಿದರು. ಮುಕ್ತಾರ ವ್ಯಾನಿನ ಬಾಗಿಲಿಗೆ ಒರಗಿ ನಿಂತು, ಒಂದು ಸಲ ಅಧಿಕಾರಿಯನ್ನೂ ಒಂದು ಸಲ ಕೆಂಚಿಯನ್ನೂ ನೋಡುತ್ತಿದ್ದ.

"ನೋಡ್ರಿ ಬಾಯಿ," ಎಂದರು ಶ್ರೀವಲ್ಲಭ, "ನಿಮಗ ಗೊತ್ತೈತಿ ಅನ್ನೋದು ನಾ ಇಲ್ಲ ಅನ್ನಂಗಿಲ್ಲ. ಆದ್ರ ನಾ ವರದಿ ಬರೀಬೇಕು. 'ಅಡಿಗಿ ಬಾಯಿ ಅಂದ್ರು, ನಾವು ಬಿಟ್ಟಿವಿ' ಅಂತ ಬರಿಯಾಕ ಬರ್ತೈತೇನು? ಏನರ ಪುರಾವೆ ಬೇಕು."

ಜೈತುನಬಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಪುರಾವೆ ಅವ ಕೊಡ್ತಾವ್ರಿ. ನೀವು ಇಲ್ಲಿ ಖುರ್ಚಿ ಹಾಕ್ಕೊಂಡು ಕೂಡ್ರಿ. ಯಾರೂ ಪಿಟ್ಟೆನ್ನಬ್ಯಾಡ್ರಿ."

ಅವಳ ಕೆಲಸದ ರೀತಿಯೇ ಬೇರೆ ಇತ್ತು. ವಾರದ ಮೊದಲ ದಿನ ಅವಳೂ ವ್ಯಾನಿನಲ್ಲಿ ಹೋಗುತ್ತಿದ್ದಳು. ಮುಕ್ತಾರ ಬಲೆ ಬಿಡಿಸುವ ಮೊದಲು ಅವಳು ಓಣಿಗೆ ಇಳಿದು, ಈ ನಾಯಿಗೆ ತುತ್ತು ಹಾಕುವವರು ಯಾರು ಎಂದು ಹುಡುಕಿ, ಅವರು ಹೇಗೆ ಕರೆಯುತ್ತಾರೋ ಕೇಳಿ ಕಲಿತುಕೊಳ್ಳುತ್ತಿದ್ದಳು. ಹೊಟ್ಟೆ ಕೊಯ್ಸಿಕೊಂಡ ನಾಯಿ ಗುರುತಿಲ್ಲದ ಜಾಗದಲ್ಲಿ ಬಾಯಿ ತೆರೆಯುವುದಿಲ್ಲ. ತನ್ನ ಓಣಿಯ ಕರೆ ಕಿವಿಗೆ ಬಿದ್ದರೆ ಮಾತ್ರ ಎದ್ದು ತಿನ್ನುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ರಿಜಿಸ್ಟರಿನಲ್ಲಿ ಇದಕ್ಕೆ ಜಾಗವೂ ಇರಲಿಲ್ಲ.

ಅವಳು ಜಾಳಿಗೆಯ ಬಾಗಿಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ದನಿ ತೆಳ್ಳಗೆ ಮಾಡಿ ಕರೆದಳು. "ಯೇ ರೆ ಬಾಳ್ಯಾ... ಯೇ ರೆ, ಯೇ ರೆ..."

ಹಿಂದಿನಿಂದ ಒಂದು ಮುದಿ ಗಂಡು ನಾಯಿ ಉಳಿದವನ್ನು ತಳ್ಳಿಕೊಂಡು ಬಂದು ಅವಳ ಮೊಣಕಾಲಿಗೆ ಮೂತಿ ಹಚ್ಚಿತು.

"ಇಂಡಿ," ಎಂದಳು. "ಲಿಂಬಿ ಮಾರ್ಕೆಟ್ ಹಿಂದಿನ ಓಣಿ. ಇಂದೂಬಾಯಾರು ಅಂತ ಸಾಲಿ ಟೀಚರ್ ಇದ್ರಂತ, ಅವರ ಮನಿ ಕಟ್ಟಿ ಮ್ಯಾಲ ಮಲಗೂದಿದು. ಮರಾಠಿಯಾಗ, ಸಣ್ಣ ಕೂಸು ಕರದಂಗ ಕರೀತಾರ."

ಶ್ರೀವಲ್ಲಭರ ತುಟಿ ಸಡಿಲಾಯಿತು. ಅವರ ಮನೆಯಲ್ಲಿಯೂ ಮಕ್ಕಳನ್ನು ಹಾಗೇ ಕರೆಯುತ್ತಿದ್ದರೇನೋ. ಮುಕ್ತಾರ ನಾಯಿಯನ್ನು ಎತ್ತಿ ವ್ಯಾನಿಗೆ ಹಾಕಿದ. ಗೋವಿಂದ ಬರೆದುಕೊಂಡ.

ಮುಂದೆ ಅವಳು ಚಹಾದ ಲೋಟ ತರಿಸಿ ಚಮಚದಿಂದ ಟಣ್ ಟಣ್ ಟಣ್ ಎಂದು ಮೂರು ಪೆಟ್ಟು ಹೊಡೆದಳು. ಎರಡು ನಾಯಿ ಒಟ್ಟಿಗೇ ಎದ್ದವು. ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ಧರೆಪ್ಪನ ಚಹಾದಂಗಡಿಯವು, ಅಕ್ಕ ತಂಗಿ. ಆಮೇಲೆ ಎದ್ದು ನಿಂತು, ಕೋರ್ಟಿನಲ್ಲಿ ಕೂಗುವ ಧಾಟಿಯಲ್ಲಿ, "ರಾಜಾ! ರಾಜಾ! ರಾಜಾ!" ಎಂದಳು. ಮುದ್ದೇಬಿಹಾಳದ ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ ಇಟ್ಟಿರುವ ಮಲಿಕಸಾಬ ಹಾಗೇ ಕೂಗುತ್ತಿದ್ದ. ಕುಂಟುಗಾಲಿನ ಕರಿ ನಾಯಿಯೊಂದು ಹಾಜರಾಯಿತು. ಗೋವಿಂದ ಪೆನ್ನು ಬಿಟ್ಟು ಹೊಟ್ಟೆ ಹಿಡಿದು ನಕ್ಕ. ಜೈತುನಬಿ ಮಾತ್ರ ನಗಲಿಲ್ಲ. ಈ ಹೊತ್ತು ಅವಳ ಗಂಟಲಿನಲ್ಲಿ ನಾಲ್ಕೂ ಊರುಗಳಿದ್ದವು, ಅದು ಅವಳಿಗೆ ಗೊತ್ತಿತ್ತು. ಹೀಗೇ ಒಂದೊಂದನ್ನೂ ಕರೆಯುತ್ತ ಹೋದಳು. ಹತ್ತನೆಯದು ಎದ್ದು ಬಂದಾಗ ಶ್ರೀವಲ್ಲಭರು ಖುರ್ಚಿಯ ಅಂಚಿಗೆ ಬಂದು ಕೂತಿದ್ದರು.

"ಬಾರ ನಮ್ಮವ್ವ, ಹಡದವ್ವ, ತಿಂದ್ ಸಾಯಿ ಬಾ!" ಎಂದು ಅವಳು ಬೈದಳು. ಹನ್ನೊಂದನೆಯದು ಬಾಲ ಅಲ್ಲಾಡಿಸುತ್ತ ಓಡಿಬಂತು.

"ಬಾಗೇವಾಡಿ. ಕಾಯಿಪಲ್ಲೆ ಮಾರೋ ಹುಲಿಗೆವ್ವನ ಕಡೀದ್ರಿ ಇದು. ಬೈಸಿಕೊಳ್ಳಲಾರದ ಇದಕ ಅನ್ನ ಇಳಿಯಂಗಿಲ್ಲ."

"ಭಲೆ!" ಎಂದರು ಶ್ರೀವಲ್ಲಭ, ಮನಸಾರೆ. "ಒಂದ ಉಳೀತು."

ಗೋವಿಂದ ರಿಜಿಸ್ಟರಿನ ಮೇಲೆ ಬೆರಳು ಆಡಿಸಿದ. "ಇಂಡಿ ಮೂರಾತು, ಸಿಂದಗಿ ಮೂರಾತು, ಮುದ್ದೇಬಿಹಾಳ ಮೂರಾತು, ಬಾಗೇವಾಡಿ ಎರಡು. ಉಳದದ್ದು ಬಾಗೇವಾಡೀದ. ಕೂಗೋದ ಬ್ಯಾಡ, ಲೆಕ್ಕಾನ ಹೇಳ್ತೈತಿ. ಸಂತಿ ಬಜಾರದ ಹತ್ತಿರ ಹಿಡದದ್ದು, ಅಲ್ಲೇ ಬಿಡೋದು. ಮುಕ್ತಾರ, ಎತ್ತಪಾ."

ಮುಕ್ತಾರ ಕದಲಲಿಲ್ಲ. ಜೈತುನಬಿಯ ಕಡೆ ನೋಡಿದ.

ಇಲ್ಲಿಗೆ ಸುಮ್ಮನಿದ್ದರೆ ಅವಳ ಮಾನ ಉಳಿಯುತ್ತಿತ್ತು, ಕೆಲಸ ಉಳಿಯುತ್ತಿತ್ತು, ಭಲೆ ಎಂಬುದೂ ಉಳಿಯುತ್ತಿತ್ತು. ಕೆಂಚಿ ಮಾತ್ರ ಬಾಗೇವಾಡಿಯ ಸಂತೆಯಲ್ಲಿ ಹೊಸ ಹೊಲಿಗೆಯ ಹೊಟ್ಟೆ ಹೊತ್ತು ಇಳಿಯುತ್ತಿತ್ತು. ಗೊಳಸಂಗಿಯ ಒಂದು ಓಣಿ ಬಿಟ್ಟು ಬೇರೆ ಜಗತ್ತು ನೋಡದ ನಾಯಿ. ಎಷ್ಟು ಹೊತ್ತು ಬದುಕೀತು? ಜೈತುನಬಿಗೆ ಹೆದರಿಕೆಯಾಯಿತು. ಹೆದರಿಕೆಯ ಹಿಂದೆಯೇ ಸಿಟ್ಟೂ ಬಂತು. ಇಷ್ಟು ಹೊತ್ತು ಸತ್ಯ ಹೇಳಿ ಸೈ ಅನ್ನಿಸಿಕೊಂಡು, ಕೊನೆಯದಕ್ಕೆ ಸುಳ್ಳು ಹೇಳುವುದೇ?

"ತಡೀರಿ," ಎಂದಳು. "ಇದಕ್ಕೂ ಪುರಾವೆ ನೋಡ್ರಿ."

ಅವಳು ಏನನ್ನೂ ಕೂಗಲಿಲ್ಲ. ಕಲ್ಲಿನ ಹೊಸ್ತಿಲ ಮೇಲೆ ಅಂಗೈಯಿಂದ ರೊಟ್ಟಿ ಬಡಿಯುವ ಹಾಗೆ ತಟ್ಟಿದಳು. ತಟ್ ತಟ್, ತಟ್ ತಟ್. ಕೆಂಚಿ ತಲೆ ಎತ್ತಿತು. ಎದ್ದು, ಮೈ ಮುರಿದು, ಯಾವ ಅವಸರವೂ ಇಲ್ಲದೆ ಮನೆಯ ಅಂಗಳದಲ್ಲಿ ನಡೆದ ಹಾಗೆ ನಡೆದು ಬಂದು ಅವಳ ಮಡಿಲಿನಲ್ಲಿ ತಲೆಯಿಟ್ಟು ಮಲಗಿತು.

"ಈ ಕರಿಯೋ ರೀತಿ ಎಲ್ಲೀದ್ರಿ?" ಎಂದು ಕೇಳಿದರು ಶ್ರೀವಲ್ಲಭ.

"ನಂದ್ರಿ. ನಾ ಮನ್ಯಾಗ ರೊಟ್ಟಿ ಬಡಿಯೋ ಸಪ್ಪಳಾನ ಇದನ್ನ ಕರಿಯೋದು. ಇದು ಗೊಳಸಂಗಿ ನಾಯಿ, ನಮ್ಮ ಓಣೀದು. ಬಾಗೇವಾಡಿ ಮೂರನೇದರ ಕಿವಿ ಮೊದಲ ಕತ್ತರಿಸಿತ್ತು, ಪಂಜರ ಖಾಲಿ ಇತ್ತು. ನಾ ಇದನ್ನ ತಂದು ಕೂಡಿಸೇನಿ. ಡಾಕ್ಟರ್‌ಬಾಯಾರಿಗೆ ಗೊತ್ತಿಲ್ಲ, ಗೋವಿಂದಪ್ಪಗ ಗೊತ್ತಿಲ್ಲ, ಮುಕ್ತಾರಗ ಗೊತ್ತಿಲ್ಲ."

"ನನಗ ಗೊತ್ತಿತ್ರಿ," ಎಂದ ಮುಕ್ತಾರ. "ಜೈತುನಬಿ ಖಾಲಾ ಸುಳ್ಳ ಹೇಳಾಕತ್ತಾಳ. ನಾನ ಎತ್ತಿ ವ್ಯಾನಿಗೆ ಹಾಕೇನಿ."

"ನೀ ಬಾಯಿ ಮುಚ್ಚೋ!"

"ಮುಚ್ಚಂಗಿಲ್ಲ ಖಾಲಾ."

ಗೋವಿಂದನ ಮುಖ ಬಿಳಿಚಿತು. ಅವನು ರಿಜಿಸ್ಟರನ್ನು ಎದೆಗೆ ಅವಚಿಕೊಂಡು, "ಇದಕ ಕಾಲಂ ಎಲ್ಲೈತ್ರಿ? ಗೊಳಸಂಗಿ ಪಾಲ ಹಾಕಿಲ್ಲ. ನಾಲ್ಕು ಊರಿನ ರೊಕ್ಕದಾಗ ಐದನೇ ಊರಿನ ನಾಯಿ! ಇದು ಮೋಸ ಆತಲ್ರಿ ಸಾಹೇಬ್ರ!" ಎಂದ.

"ಮೋಸಾನ," ಎಂದಳು ಜೈತುನಬಿ. ಕೆಂಚಿಯ ತಲೆಯ ಮೇಲಿದ್ದ ಕೈ ಅಲ್ಲೇ ಇತ್ತು. "ಇಲ್ಲ ಅನ್ನಂಗಿಲ್ಲ. ಆದ್ರ ಒಂದು ಮಾತು ಕೇಳ್ರಿ ಸಾಹೇಬ್ರ. ನಾಲ್ಕು ಊರಿನ ನಾಯಿ ಹಗಲೂ ರಾತ್ರಿ ಎಲ್ಲಿ ಬೊಗಳತಾವ್ರಿ? ಗೊಳಸಂಗ್ಯಾಗ. ಅವುಗಳ ಹೇಸಿಗಿ ಎಲ್ಲಿ ಹುಗೀತೀವ್ರಿ? ಗೊಳಸಂಗ್ಯಾಗ. ಕೊಯ್ಯೋದು ಇಲ್ಲಿ, ಅನ್ನ ಹಾಕೋ ಕೈ ಇಲ್ಲೀದು. ನಮ್ಮ ನಾಯಿ ಮಾತ್ರ ಗೇಟಿನ ಹೊರಗ ಕುಂತು ವಾಸನಿ ತಗೋಬೇಕು. ಪಾಲ ಹಾಕ್ರಿ ಅಂತ ನಮ್ಮನ್ನ ಯಾರ ಕೇಳ್ಯಾರ? ಕೇಳಿದ್ರ ಹಾಕ್ತಿದ್ದಿವೋ ಇಲ್ಲೋ, ಅದು ಮುಂದಿನ ಮಾತು. ಅದರ ಮರಿ ಎತ್ತಿ ಎತ್ತಿ ನನ್ನ ಕೈ ಸೋತಾವ್ರಿ. ತಪ್ಪು ಮಾಡೇನಿ. ಕೆಲಸ ಬಿಡಂದ್ರ ಬಿಡ್ತೇನಿ. ಇದನ್ನ ಬಾಗೇವಾಡ್ಯಾಗ ಬಿಡಾಕ ಬಿಡಂಗಿಲ್ಲ."

ಇಷ್ಟು ಮಾತು ಒಟ್ಟಿಗೆ ಅವಳು ಹಿಂದೆಂದೂ ಯಾವ ಅಧಿಕಾರಿಯ ಮುಂದೆಯೂ ಆಡಿರಲಿಲ್ಲ. ಮುಗಿಸಿದ ಮೇಲೆ ಕಣ್ಣು ತುಂಬಿ ಬಂದವು. ಒರೆಸಿಕೊಳ್ಳಲು ಹೊಸ ಸೀರೆಯ ಸೆರಗನ್ನೇ ತೆಗೆದುಕೊಂಡಳು.

ಶ್ರೀವಲ್ಲಭರು ಬಾಟಲಿಯ ಮುಚ್ಚಳ ತೆಗೆದು ಎರಡು ಗುಟುಕು ನೀರು ಕುಡಿದರು. ಆಮೇಲೆ ಗೋವಿಂದನ ಕಡೆ ಕೈ ಚಾಚಿದರು. ಅವನು ರಿಜಿಸ್ಟರು ಕೊಟ್ಟ. ಹನ್ನೆರಡನೇ ಸಾಲಿನಲ್ಲಿದ್ದ ಬಾಗೇವಾಡಿ ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತಮ್ಮ ಕೈಯಿಂದ ಏನೋ ಬರೆಯತೊಡಗಿದರು.

"ಹೆಸರೇನ್ರಿ?"

"ಜೈತುನಬಿ ಅಂತ್ರಿ. ಸರಿಯಾಗಿ ಬರ್ಕೋರಿ."

"ನಿಮ್ಮದಲ್ರಿ. ನಾಯೀದು."

"ಕೆಂಚಿ."

ಬರೆದರು. ಕೆಳಗೆ ಸಹಿ ಹಾಕಿದರು. "ಇದು ವರದಿಯೊಳಗ ಬರ್ತದ್ರಿ ಬಾಯಿ, ಮುಚ್ಚಿಡಾಕ ಬರಂಗಿಲ್ಲ. ನೀವು ಮಾಡಿದ್ದೂ ಬರೀತೀನಿ, ನೀವು ಅಂದದ್ದೂ ಬರೀತೀನಿ. ನಾಲ್ಕು ಊರಿನವರು ಕುಂತು ಓದ್ತಾರ. ಅವರು ಏನಂತಾರೋ ನಾ ಹೇಳಲಾರೆ."

"ಅಲ್ಲೀತನಕ?" ಎಂದು ಗೋವಿಂದ ಕೇಳಿದ.

"ಅಲ್ಲೀತನಕ ಹನ್ನೊಂದು ನಾಯಿ ಮನಿ ಮುಟ್ಟಿಸಬೇಕಲ್ಲಪಾ. ಈ ಬಾಯಾರ ಹೊರ್ತು ಯಾರಿಗೆ ಗೊತ್ತೈತಿ ಯಾವ ಕಟ್ಟಿ, ಯಾವ ಅಂಗಡಿ ಅಂತ? ಹತ್ರಿ ಬಾಯಿ, ಮುಂದ ಕೂಡ್ರಿ. ಹೊತ್ತಾಗ್ತದ."

ವ್ಯಾನು ಗೇಟು ದಾಟಿ ಮೊದಲ ಸಲ ನಿಂತದ್ದು ಗೊಳಸಂಗಿಯಲ್ಲೇ, ಅವಳ ಓಣಿಯ ಬಾಯಿಯಲ್ಲಿ. ಮುಕ್ತಾರ ಹಿಂದಿನ ಬಾಗಿಲು ತೆರೆದ. ಕೆಂಚಿ ಇಳಿದು, ಒಮ್ಮೆ ಮೈ ಝಾಡಿಸಿ, ಕರೆಂಟಿನ ಕಂಬ ಮೂಸಿತು. ಶ್ರೀವಲ್ಲಭರು ಫೋಟೋ ತೆಗೆದರು. ಊರು ಆರಿಸಿ ಎಂದು ಮೊಬೈಲು ನಾಲ್ಕು ಹೆಸರು ತೋರಿಸಿತು. ಅವರು ಒಂದು ಕ್ಷಣ ನೋಡಿ, ಯಾವುದನ್ನೂ ಒತ್ತದೆ, ಫೋಟೋವನ್ನು ಹಾಗೇ ಉಳಿಸಿಕೊಂಡರು.

"ಹೂಂ, ನಡಿ," ಎಂದರು.

ವ್ಯಾನು ಹೊರಟಿತು. ಜೈತುನಬಿ ಕಿಟಕಿಯ ಹೊರಗಿನ ಕನ್ನಡಿಯಲ್ಲಿ ನೋಡಿದಳು. ಕೆಂಚಿ ವ್ಯಾನಿನ ಹಿಂದೆ ಓಣಿಯ ಕೊನೆಯ ತನಕ ಓಡಿಬಂದು, ಅಲ್ಲಿಂದ ಮುಂದೆ ಹೆಜ್ಜೆ ಇಡದೆ ನಿಂತಿತು. ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಕೆಂಚಿ ಕತ್ತರಿಸಿದ ಕಿವಿಯನ್ನು ಆ ಕಡೆ ತಿರುಗಿಸಿ, ವ್ಯಾನಿಗೆ ಬೆನ್ನು ಹಾಕಿ, ಓಣಿಯೊಳಗೆ ನಡೆಯಿತು.